ಬಲಗಡೆಯ ಕಂಬಿ

ಕಸ್ತೂರೆವ್ವ ಗಂಡನ ಹೆಬ್ಬೆರಳಿನ ಉಗುರು ಸಂದಿಯಿಂದ ತಲೆಯ ಪಿನ್ನಿನಲ್ಲಿ ಸಿಮೆಂಟು ಕೆರೆಯುತ್ತಿದ್ದಳು. ಒಂಬತ್ತು ಬೆರಳು ಮುಗಿದಿದ್ದವು. ಇದೊಂದು ಹಟ ಹಿಡಿದಿತ್ತು.

ಧರೆಪ್ಪನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ತಲೆಗೆ ಹೊಸ ರುಮಾಲು. ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದ ಮನುಷ್ಯ. ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆಗೆ ಬೆರಳ ಗೆಣ್ಣಿನಿಂದ ಎರಡೇಟು ಹಾಕಿ ಕಿವಿಗೊಡುವುದು ಅವನ ಚಾಳಿ. ಬೀಗರ ಮನೆಯಲ್ಲೂ ಬಿಟ್ಟವನಲ್ಲ. ನಿನ್ನೆ ಮಧ್ಯಾಹ್ನ ಯಾರದೋ ತೋಟದಲ್ಲಿ ಎತ್ತುಗಳಿಗೆ ಮೇವು ಹಾಕುವ ಗ್ವಾದಲಿ ಕಟ್ಟುತ್ತಿದ್ದವನು, ಎದೆ ಹಿಡಿದಂತಾಯಿತೆಂದು ಕರಣಿ ತೊಳೆದಿಟ್ಟು ಬೇವಿನ ನೆರಳಿಗೆ ಹೋಗಿ ಕೂತ. ಕೂತವನು ಮತ್ತೆ ಏಳಲಿಲ್ಲ. ಕರಣಿ ತೊಳೆದಿಟ್ಟು ಸತ್ತನಂತೆ ಎಂದು ಬಂದವರೆಲ್ಲ ಬೆರಗಾಗುತ್ತಿದ್ದರು. ಕಸ್ತೂರೆವ್ವನಿಗೆ ಅದರಲ್ಲಿ ಬೆರಗಾಗುವಂಥದ್ದೇನೂ ಕಾಣಲಿಲ್ಲ.

"ಸಾಕ ಬಿಡ ಯವ್ವಾ," ಎಂದಳು ಪಕ್ಕದ ಮನೆಯ ಯಲ್ಲಕ್ಕ. "ಮಣ್ಣಿಗೆ ಹೋಗೂ ಕೈ ಎಷ್ಟಂತ ತಿಕ್ಕತಿ?"

"ಮಣ್ಣಿಗೆ ಹೋಗ್ಲಿ. ಸಿಮೆಂಟ ತಗೊಂಡ ಹೋಗೂದ ಬ್ಯಾಡ. ಜಲಮಾ ಪೂರಾ ಅದನ್ನ ಹೊತ್ತಾನ."

ಬಂದವರು ಬಹಳ ಇರಲಿಲ್ಲ. ಧರೆಪ್ಪ ಕಟ್ಟಿದ ಮನೆಗಳಲ್ಲಿ ಉಂಡು ಮಲಗುವ ಊರಿನ ಅರ್ಧ ಮಂದಿ ಹೊರಗಿನ ಕಟ್ಟೆಗಳ ಮೇಲೆ ಕೂತು, ಹೆಣ ಎದ್ದ ಮೇಲೆ ಹಿಂದೆ ನಾಲ್ಕು ಹೆಜ್ಜೆ ಹಾಕಿದರಾಯಿತು ಎಂದುಕೊಂಡಿದ್ದರು. ಹಳ್ಳದ ಸೇತುವೆಯ ಕಂಬಿ ಪುಸುಕ್ಕನೆ ಕಿತ್ತುಬಂದು ಅಂದಾನೆಪ್ಪನ ಮಗ ಅಮಿತ ಸತ್ತು ನಾಲ್ಕು ವರ್ಷವಾಗಿತ್ತು. ಕೆಲಸ ಕೆಡಿಸಿದ್ದು ಧರೆಪ್ಪನೇ ಎಂದು ಸರಕಾರದ ಕಾಗದವೇ ಹೇಳಿತ್ತು. ಆ ಕಾಗದದ ಮಾತು ಸುಳ್ಳು. ಸುಳ್ಳೆಂದು ತಿಳಿದವರು ಮೂವರು. ಅವರಲ್ಲಿ ಒಬ್ಬ ಈಗ ಗೋಡೆಗೆ ಒರಗಿ ಕೂತಿದ್ದ, ಇನ್ನೊಬ್ಬಳು ಅವನ ಉಗುರು ಕೆರೆಯುತ್ತಿದ್ದಳು.

ಮೂರನೆಯವನ ಕಾರು ಬಾಗಿಲಿಗೆ ಬಂದು ನಿಂತಿತು.

ಮಹಾಲಿಂಗಪುರದ ಗುತ್ತಿಗೆದಾರ ವೀರೇಶ ಕಸ್ತೂರೆವ್ವನ ಬೆನ್ನಿಗೆ ಬಿದ್ದ ತಮ್ಮ. ಅವನಿಗಿಂತ ಮೊದಲು ಅವನ ಫ್ಲೆಕ್ಸು ಬಂದಿತ್ತು. ಬೆಳಗ್ಗೆಯೇ ಇಬ್ಬರು ಆಳುಗಳು ಅದನ್ನು ಮನೆಯ ಮುಂದಿನ ವಿದ್ಯುತ್ ಕಂಬಕ್ಕೆ ಬಿಗಿದು ಹೋಗಿದ್ದರು. ಅದರಲ್ಲಿ ಕೈಮುಗಿದು ನಿಂತ ವೀರೇಶ ಆಳೆತ್ತರ. ಸತ್ತ ಧರೆಪ್ಪ ಮೇಲಿನ ಮೂಲೆಯಲ್ಲಿ ಅಂಗೈಯಗಲ. ಯಾರು ತೀರಿಕೊಂಡರು ಎಂದು ಬಸ್ಸಿನಿಂದಿಳಿದ ಪರವೂರವರು ಎರಡು ಸಲ ಕೇಳುವಂತಾಗಿತ್ತು. ಈಗ ಫ್ಲೆಕ್ಸಿನ ಮನುಷ್ಯ ನೆಲಕ್ಕಿಳಿದು, ಬಿಳಿ ಅಂಗಿಯ ತೋಳಿನಲ್ಲಿ ಕಣ್ಣೊತ್ತಿಕೊಳ್ಳುತ್ತ ಒಳಗೆ ಬಂದ.

"ಭಾವಾ! ನಮ್ಮನ್ನ ಬಿಟ್ಟ ಹೆಂಗ ಹೊಂಟ್ರಿ ಭಾವಾ!"

ಅವನ ಹಿಂದೆ ತಟ್ಟೆಯಲ್ಲಿ ಶಾಲು, ಸೀರೆ, ತೋಳುದ್ದದ ಹೂವಿನ ಹಾರ ಬಂದವು. ಕಸ್ತೂರೆವ್ವ ತಲೆ ಎತ್ತಲಿಲ್ಲ. ಹೆಬ್ಬೆರಳು ಇನ್ನೂ ಮುಗಿದಿರಲಿಲ್ಲ.

"ತವರಮನಿ ಮುಯ್ಯಾ ಬಂದೈತಿ," ಎಂದು ಯಲ್ಲಕ್ಕ ಕಿವಿಯಲ್ಲಿ ಹೇಳಿದಳು. "ತಗೋ ಯವ್ವಾ. ಅದನ್ನ ಹೊದಿಸದ ಹೆಂಗ ಎತ್ತೂದು?"

"ತಗೋತೇನಿ ಯಲ್ಲಕ್ಕಾ. ತಗೊಂಡ ಮುಯ್ಯಾ ಇಟಗೊಳ್ಳಾಕ ಬರೂದಿಲ್ಲ, ತಿರಗಿ ಕೊಡಬೇಕಲ್ಲ. ಇವತ್ತ ಕೊಡತೇನಿ."

ಮುಯ್ಯಿಯ ಎರಡನೆಯ ಅರ್ಥ ಯಲ್ಲಕ್ಕನಿಗೂ ಗೊತ್ತಿತ್ತು. ಅವಳು ಬಾಯಿಗೆ ಸೆರಗು ಹಚ್ಚಿಕೊಂಡು ಹಿಂದೆ ಸರಿದಳು.

ಕಸ್ತೂರೆವ್ವ ಕೈತೊಳೆದುಕೊಂಡು ತಮ್ಮನನ್ನು ಅಡುಗೆಮನೆಗೆ ಕರೆದಳು. ಬನಹಟ್ಟಿಯಿಂದ ಬಂದ ಮಗಳು ವೈಶಾಲಿ ಬಾಗಿಲಲ್ಲಿ ನಿಂತಳು.

"ವೀರ್ಯಾ, ಮಣ್ಣಾಗೂದ್ರೊಳಗ ನಾಕ ಮಂದಿ ಮುಂದ ಖರೆ ಹೇಳು. ಬಲಗಡಿ ಕೆಲಸಾ ಇವರದಲ್ಲ ಅಂತ ಒಂದ ಮಾತು. ಅಷ್ಟ ಸಾಕು."

ವೀರೇಶ ಅಕ್ಕನ ಭುಜ ಹಿಡಿದ. "ಈಗ ಅದೆಲ್ಲಾ ಯಾಕ ಅಕ್ಕಾ? ಎಲೆಕ್ಷನ್ ಬ್ಯಾರೆ ಬಂತು, ಪಾರ್ಟಿಯವರು ನನ್ನ ಹೆಸರ ಹಿಡಿದಾರ. ಮುಂದ ನೋಡೂಣಂತ."

"ಮುಂದಂದ್ರ ಯಾವಾಗ? ಇವರು ಮಣ್ಣಾಗೇ ಹೋಗತಾರಲ್ಲೋ."

"ಅದನ್ನ ನಾನೂ ಹೇಳಾಕತ್ತೇನಿ. ಸತ್ತಾವರು ಹೆಸರ ತಗೊಂಡ ಏನ ಮಾಡೂದೈತಿ ಹೇಳು?"

ಅವನು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಸಮಾಧಾನ ಹೇಳುವ ದನಿಯಲ್ಲೇ ಹೇಳಿದ. ಅದಕ್ಕೇ ಕಸ್ತೂರೆವ್ವನ ಮೈ ಉರಿದುಹೋಯಿತು. ಅವನು ಬೈದಿದ್ದರೆ ತಾನೂ ಬೈದು ಬಿಡುತ್ತಿದ್ದಳೇನೋ. ಭುಜದ ಮೇಲಿನ ಕೈಯನ್ನು ತೆಗೆದು ಪಕ್ಕಕ್ಕಿಟ್ಟು, "ಆತು, ನಡಿ," ಎಂದಳು.

"ಅವ್ವಾ, ಇವತ್ತೊಂದಿನಾ ಏನೂ ರಾಡಿ ಮಾಡಬ್ಯಾಡ," ಎಂದು ವೈಶಾಲಿ ಕೈಹಿಡಿದಳು.

"ನಾಳೆ ಮಾಡಾಕ ನಿಮ್ಮಪ್ಪ ಇರೂದಿಲ್ಲ," ಎಂದಳು ಕಸ್ತೂರೆವ್ವ.

*

ಊರ ಮುಂದೆ, ಗಲಗಲಿಗೆ ಹೋಗುವ ದಾರಿಯಲ್ಲಿ, ದೊಡ್ಡ ಹಳ್ಳಕ್ಕೆ ಒಂದು ಹಳೆಯ ಸೇತುವೆ. ಜನರ ಬಾಯಲ್ಲಿ ಅದು ಪೂಲು. ಐವತ್ತು ವರ್ಷ ಕಬ್ಬಿನ ಗಾಡಿ ಹೊತ್ತು ಹೊತ್ತು ಅದರ ಎರಡೂ ಅಂಚುಗಳು ಕಟಕು ರೊಟ್ಟಿಯ ಹಾಗೆ ಮುರಿದು ಬೀಳುತ್ತಿದ್ದವು. ಆ ಅಂಚುಗಳನ್ನು ಗಟ್ಟಿ ಮಾಡಿ, ಅವಕ್ಕೆ ಉಕ್ಕಿನ ತಡೆಕಂಬಿ ಕೂರಿಸುವ ಕೆಲಸ ಐದು ವರ್ಷದ ಹಿಂದೆ ವೀರೇಶನಿಗೆ ಸಿಕ್ಕಿತು. ಮೇಸ್ತ್ರಿ ಯಾರು? ಮನೆಯಲ್ಲೇ ಇದ್ದನಲ್ಲ ಭಾವ.

ಕೆಲಸ ಎಡಗಡೆಯಿಂದ ಸುರುವಾಯಿತು. ಧರೆಪ್ಪ ಸುತ್ತಿಗೆ ಹಿಡಿದು ಅಂಚಿನ ಉದ್ದಕ್ಕೂ ಗೇಣಿಗೊಂದು ಏಟು ಹಾಕುತ್ತ, ತಲೆ ವಾರೆ ಮಾಡಿ ಕೇಳುತ್ತ ಹೋದ. ಗಟ್ಟಿ ಇದ್ದಲ್ಲಿ ಠಣ್ಣೆನ್ನುತ್ತಿತ್ತು, ಒಳಗೆ ಪೊಳ್ಳಿದ್ದಲ್ಲಿ ಬದಬದ. ಬದಬದ ಅಂದಲ್ಲೆಲ್ಲ ಕೆಮ್ಮಣ್ಣಿನ ಗೆರೆ ಎಳೆದ. ಗೆರೆಯ ಒಳಗಿನದನ್ನು ಗಟ್ಟಿ ಸಿಗುವ ತನಕ ಒಡೆಸಿದ. ಬುತ್ತಿ ತಂದ ಕಸ್ತೂರೆವ್ವ ನೋಡಿದರೆ ಸೇತುವೆ ಕಟ್ಟುವುದಕ್ಕಿಂತ ಕೆಡವಿದ್ದೇ ಹೆಚ್ಚು ಕಾಣುತ್ತಿತ್ತು.

"ಇದೇನ್ರಿ, ಇದ್ದದ್ದನ್ನೂ ಒಡದ ಕುಂತೀರಿ?"

"ಕಂಬಿ ದಪ್ಪ ಇದ್ದರ ಏನ ಬಂತ? ಅದನ್ನ ಹಿಡಕೊಂಡಿದ್ದ ಅಂಚ ಗಟ್ಟಿ ಇರಬೇಕ ಕಸ್ತೂರಿ. ಪೊಳ್ಳಿನ್ಯಾಗ ನಟ್ಟರ ಗಾಡಿ ತಾಗೂದ ತಡಾ, ಬೇರ ಸಮೇತ ಏಳತೈತಿ."

ಗಟ್ಟಿ ಸಿಕ್ಕಲ್ಲಿ ಮೊಳದುದ್ದ ರಂಧ್ರ ಕೊರೆದು, ಅದರಲ್ಲಿ ಅಂಟುಮದ್ದು ತುಂಬಿ ಕಂಬಿ ಹಿಡಿದುಕೊಳ್ಳುವ ಸರಳು ನೆಡಬೇಕು. ಮದ್ದು ತುಂಬುವ ಮೊದಲು ರಂಧ್ರದಲ್ಲಿ ಕೊರೆದ ಪುಡಿ ಒಂದು ಚಿಟಿಕೆಯೂ ಇರಬಾರದು. ಇದ್ದರೆ ಮದ್ದು ಪುಡಿಗೆ ಅಂಟಿಕೊಳ್ಳುತ್ತದೆ, ಸೇತುವೆಗಲ್ಲ. ಧರೆಪ್ಪ ಸೈಕಲ್ಲಿನ ಪಂಪು ತಂದು ಮೂರು ಸಲ ಗಾಳಿ ಊದುತ್ತಿದ್ದ. ಮೊಮ್ಮಗುವಿನ ಹಾಲಿನ ಬಾಟಲಿ ತೊಳೆಯುವ ಬ್ರಷ್ಷಿಗೆ ಕಡ್ಡಿ ಕಟ್ಟಿ ಒಳಗೆಲ್ಲ ತಿಕ್ಕಿ ಮತ್ತೆ ಊದುತ್ತಿದ್ದ. ಅದನ್ನು ನೋಡಿ ವೀರೇಶ ಹಣೆ ಚಚ್ಚಿಕೊಂಡ.

"ಭಾವಾ, ಪೂಲ ರಿಪೇರಿ ಮಾಡಾಕತ್ತೀರೋ, ಹಲ್ಲ ತಿಕ್ಕಾಕತ್ತೀರೋ?"

"ಎರಡೂ ಒಂದ," ಎಂದ ಧರೆಪ್ಪ. "ಹೊಲಸ ಉಳೀತಂದ್ರ ಬುಡಾ ಅಳ್ಳಾಡತೈತಿ."

ಎಡಗಡೆಗೇ ಎರಡು ತಿಂಗಳು ಹೋದವು. ಉದ್ಘಾಟನೆಯ ದಿನ ಗೊತ್ತಾಗಿತ್ತು, ಬಲಗಡೆಗೆ ಉಳಿದದ್ದು ಹನ್ನೆರಡು ದಿನ. ಹನ್ನೆರಡು ದಿನದಲ್ಲಿ ನನ್ನ ಕೈಲಿ ಆಗುವುದಿಲ್ಲವೆಂದು ಧರೆಪ್ಪ ಸುತ್ತಿಗೆ ಚೀಲಕ್ಕೆ ಹಾಕಿ ಮನೆಗೆ ಬಂದ. ವೀರೇಶ ಎಲ್ಲಿಂದಲೋ ಬೇರೆ ತಂಡ ಕರೆಸಿದ. ಅವರೂ ಧರೆಪ್ಪನ ಕೈಕೆಳಗಿನವರೇ ಎಂದು ಊರು ತಿಳಿದುಕೊಂಡಿತು. ಅವರಿಗೆ ಒಂಬತ್ತೇ ದಿನ ಸಾಕಾದವು. ಬಡಿದು ನೋಡುವ ಕೆಲಸವಿಲ್ಲ, ಊದುವ ಕೆಲಸವಿಲ್ಲ. ಪೊಳ್ಳಿನ ಮೇಲೆಯೇ ಗಿಲಾವು ಬಳಿದು, ಸರಳು ತುಂಡರಿಸಿ ನಾಲ್ಕು ಬೆರಳು ಆಳಕ್ಕೆ ಸಿಕ್ಕಿಸಿದರು. ಮೇಲೆ ಹಳದಿ ಕಪ್ಪು ಬಣ್ಣ ಬಿದ್ದ ಮೇಲೆ ನೋಡುವವರ ಕಣ್ಣಿಗೆ ಎರಡೂ ಕಡೆ ಒಂದೇ. ರಿಬ್ಬನ್ ಕತ್ತರಿಸಿದವರು ಬಲಗಡೆಯ ಕಂಬಿ ಹಿಡಿದುಕೊಂಡೇ ಫೋಟೋ ತೆಗೆಸಿಕೊಂಡರು.

*

ಮರುವರ್ಷ ಕಬ್ಬು ಕಡಿಯುವ ಕಾಲಕ್ಕೆ, ಹಾಡುಹಗಲಲ್ಲಿ, ಅಂದಾನೆಪ್ಪನ ಮಗ ಅಮಿತ ಖಾಲಿ ಟ್ರ್ಯಾಕ್ಟರ್ ಹೊಡೆದುಕೊಂಡು ಸೇತುವೆಗೆ ಬಂದ. ಎದುರಿನ ಬೈಕಿಗೆ ದಾರಿ ಕೊಡಲು ಸರಿದಾಗ ಗಾಲಿ ಬಲಗಡೆಯ ಕಂಬಿಗೆ ತಾಗಿತು. ತಾಗಿದ್ದು ಅಷ್ಟೇ. ಮೂವತ್ತು ಅಡಿ ಕಂಬಿ ಮೂಲಂಗಿ ಕಿತ್ತ ಹಾಗೆ ಎದ್ದುಬಂತು. ಅಮಿತನಿಗೆ ಇಪ್ಪತ್ತನಾಲ್ಕು ವರ್ಷ.

ಮೂರನೆಯ ದಿನ ವೀರೇಶ ಅಕ್ಕನ ಕಾಲ ಬುಡದಲ್ಲಿ ಕೂತಿದ್ದ. ಮೇಸ್ತ್ರಿ ತಪ್ಪು ಅಂದರೆ ಎರಡು ಮಾತಿನಲ್ಲಿ ಮುಗಿಯುತ್ತದೆ, ಗುತ್ತಿಗೆದಾರನ ತಪ್ಪು ಅಂದರೆ ತವರುಮನೆಯ ಬಾಗಿಲು ಮುಚ್ಚಿದಂತೆ ಎಂದು ಅತ್ತ. ಕಸ್ತೂರೆವ್ವ ತಮ್ಮನನ್ನು ಎತ್ತಿ ಆಡಿಸಿದವಳು. ಗಂಡ ಊಟಕ್ಕೆ ಕೂತಾಗ ಸೆರಗೊಡ್ಡಿದಳು.

"ನನ್ನ ತವರಮನಿ ಉಳಸ್ರಿ. ಅವಂಗ ಸಣ್ಣ ಸಣ್ಣ ಮಕ್ಕಳದಾವ."

ಧರೆಪ್ಪ ರೊಟ್ಟಿ ತಾಟಿಗಿಟ್ಟ. "ಸತ್ತ ಹುಡುಗಗೂ ಅವ್ವ ಅಪ್ಪ ಅದಾರ," ಎಂದ. ತಾಟು ಪಕ್ಕಕ್ಕೆ ಸರಿಸಿ ವೀರೇಶನ ಕಡೆ ತಿರುಗಿದ. "ಬಿದ್ದದ್ದಷ್ಟ ಅಲ್ಲ, ಬಲಗಡಿ ಪೂರಾ ಕಿತ್ತಿ ಹೊಸದಾಗಿ ಮಾಡಬೇಕು. ಮಾತ ಕೊಡತಿಯೇನು? ಕೊಟ್ಟರ ತಪ್ಪ ನಂದ ಅಂತೇನಿ."

ವೀರೇಶ ಎದೆಯ ಲಿಂಗ ಮುಟ್ಟಿ ಮಾತು ಕೊಟ್ಟ. ಧರೆಪ್ಪ ಜಮಖಂಡಿಯ ಕಚೇರಿಗೆ ಹೋಗಿ ತಪ್ಪು ನಂದೇ ಎಂದು ಹೇಳಿ, ಸಂಜೆಯ ಬಸ್ಸಿಗೆ ತಿರುಗಿ ಬಂದ. ಬಿದ್ದ ಮೂವತ್ತು ಅಡಿಯನ್ನಷ್ಟೇ ವೀರೇಶ ನಿಲ್ಲಿಸಿ ಕೈತೊಳೆದುಕೊಂಡ. ಉಳಿದದ್ದನ್ನು ಬೇಸಿಗೆಗೆ ಮಾಡುತ್ತೇನೆ ಎಂದ. ನಾಲ್ಕು ಬೇಸಿಗೆ ಹೋದವು.

ಆಮೇಲೆ ಧರೆಪ್ಪನನ್ನು ಮನೆ ಕಟ್ಟಲು ಯಾರೂ ಕರೆಯಲಿಲ್ಲ. ಗ್ವಾದಲಿ, ಬಟ್ಟೆ ಒಗೆಯುವ ಕಲ್ಲು, ಬಚ್ಚಲು, ಇಷ್ಟೇ. ಹೆಂಡತಿಯನ್ನು ಒಂದು ದಿನವೂ ಅಂದವನಲ್ಲ, ಆಡಿದವನಲ್ಲ. ಸೇತುವೆ ದಾಟುವಾಗ ಮಾತ್ರ ಅವಳ ಮೊಳಕೈ ಹಿಡಿದು ಎಡಗಡೆಗೆ ಸರಿಸುತ್ತಿದ್ದ. ಬಲಗಡೆಯ ಕಂಬಿಗೆ ಆತು ನಿಂತ ಶಾಲೆಯ ಮಕ್ಕಳನ್ನು ಗದರಿಸಿ ಓಡಿಸುತ್ತಿದ್ದ. ಮಗನ ವಯಸ್ಸಿನವನನ್ನು ಕೊಂದವನಿಗೆ ಈಗ ಮಕ್ಕಳ ಮೇಲೆ ಕಾಳಜಿ ಬಂದಿದೆ ಎಂದು ಜನ ನಗುತ್ತಿದ್ದರು. ಆ ನಗು ಕೇಳಿದ ದಿನಗಳಲ್ಲೆಲ್ಲ ಕಸ್ತೂರೆವ್ವನಿಗೆ ಅನ್ನ ಸೇರುತ್ತಿರಲಿಲ್ಲ. ಆದರೂ ಅವಳು ಬಾಯಿ ತೆರೆಯಲಿಲ್ಲ. ತಮ್ಮನ ಮೇಲೆ ಎಷ್ಟು ಸಿಟ್ಟಿತ್ತೋ ಅದಕ್ಕಿಂತ ಒಂದು ಹಿಡಿ ಹೆಚ್ಚೇ ಅವಳಿಗೆ ತನ್ನ ಮೇಲಿತ್ತು.

*

ಹಲಗೆಯ ಸದ್ದಿನೊಂದಿಗೆ ಧರೆಪ್ಪನ ವಿಮಾನ ಎದ್ದಿತು. ಬಿದಿರಿನ ಚೌಕಟ್ಟಿನಲ್ಲಿ, ಬಾಳೆಕಂಬದ ನಡುವೆ, ತವರಿನ ಶಾಲು ಹೊದ್ದು ಅವನು ಕೂತಿದ್ದ. ರುದ್ರಭೂಮಿ ಹಳ್ಳದ ಆಚೆ. ಕಟ್ಟೆಯ ಮೇಲಿದ್ದವರೂ ಎದ್ದು ಹಿಂದೆ ಬಂದರು. ವೀರೇಶ ಎಲ್ಲರಿಗೂ ಕಾಣುವಂತೆ ಮುಂದಿನ ಬಿದಿರಿಗೆ ಹೆಗಲು ಕೊಟ್ಟಿದ್ದ.

ಸೇತುವೆಯ ನಡುಮಧ್ಯಕ್ಕೆ ಬಂದಾಗ ಕಸ್ತೂರೆವ್ವ ಹೆಂಗಸರ ಗುಂಪಿನಿಂದ ಮುಂದೆ ಬಂದು ವಿಮಾನಕ್ಕೆ ಅಡ್ಡ ನಿಂತಳು.

"ಹೊತ್ತಾವರು ತಪ್ಪ ತಿಳೀಬ್ಯಾಡ್ರಪಾ. ಜರಾ ನಿಂದರ್ರಿ. ವೀರ್ಯಾ, ಹೆಗಲ ಬಿಡಿಸ್ಕೊಂಡ ಇಲ್ಲೆ ಬಾ."

ಹಲಗೆ ನಿಂತಿತು. ಆಚೆ ತುದಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಬಂದಿತ್ತು. ಸೇತುವೆಗೆ ಹೊಂದಿದ ಹೊಲ ಅಂದಾನೆಪ್ಪನದು. ಅವನು ಸಾವಿಗೆ ಬಂದಿರಲಿಲ್ಲ, ಹೊಲದ ಬದುವಿನ ಮೇಲೆ ಕೂತಿದ್ದ. ಹೆಣಕ್ಕೆ ದಾರಿ ಬಿಡಲೆಂದು ಎದ್ದು ಬಂದು, ಟವೆಲ್ ಎತ್ತಿ ಟ್ರ್ಯಾಕ್ಟರನ್ನು ತಡೆದು ನಿಲ್ಲಿಸಿದ. ಮುಖ ಮಾತ್ರ ಈಚೆ ತಿರುಗಿಸಲಿಲ್ಲ.

ಕಸ್ತೂರೆವ್ವ ಬಲಗಡೆಗೆ ಕೈ ತೋರಿಸಿದಳು. "ಈ ಕಂಬಿಗೆ ಬೆನ್ನ ಹಚ್ಚಿ, ಮೈ ಭಾರ ಹಾಕಿ ನಿಂದರು. ನಾ ಹತ್ತ ಎಣಸತೇನಿ. ಹತ್ತ ಮುಗಿಯೂತನಾ ನಿಂತಿ ಅಂದ್ರ ನಾ ಜಲಮದಾಗ ಬಾಯಿ ತಗಿಯೂದಿಲ್ಲ."

"ಅಕ್ಕಾ, ಹೆಣಾ ಹಿಂಗ ದಾರಿಯಾಗ ನಿಂದರಸಬಾರದು," ಎಂದ ವೀರೇಶ. ಮಂದಿಯ ಕಡೆ ತಿರುಗಿ, "ಪಾಪ, ದುಃಖಕ್ಕ ತಲಿ ಕೆಟ್ಟೈತಿ," ಎಂದ.

"ಹತ್ತ ಎಣಿಸೂತನಾ ನಿಂತ್ರ ಕಾಲ ಸವೀತಾವೇನೋ?" ಎಂದಳು ಯಲ್ಲಕ್ಕ ಹಿಂದಿನಿಂದ.

ಮುಂದೆ ಗಂಟೆ ಹಿಡಿದಿದ್ದ ಮುದಿ ಅಯ್ಯನವರು ಕೂಡ, "ನಿಂದರಪಾ, ಹೆಣ್ಣಮಗಳ ಸಮಾಧಾನಕ್ಕ. ನೀನ ಕಟ್ಟಿಸಿದ್ದಲ್ಲೇನು?" ಎಂದರು. ಅವರ ಮಾತಿನಲ್ಲಿ ಕುಹಕವೇನೂ ಇರಲಿಲ್ಲ.

ವೀರೇಶ ಎರಡು ಹೆಜ್ಜೆ ಹೋದ. ಕಂಬಿಯ ಮೇಲೆ ಅಂಗೈ ಇಟ್ಟ. ಕೆಳಗೆ ಇಪ್ಪತ್ತು ಅಡಿ ಆಳದಲ್ಲಿ ಕಲ್ಲುಗಳು ಕಾಣುತ್ತಿದ್ದವು. ಬಿಸಿ ತವೆ ಮುಟ್ಟಿದವನಂತೆ ಕೈ ಹಿಂದಕ್ಕೆ ತೆಗೆದುಕೊಂಡ.

"ನನಗ ತಲಿ ತಿರಗತೈತಿ. ಎತ್ತರ ಆಗಿ ಬರೂದಿಲ್ಲ ನನಗ."

"ಹಂಗಾರ ನಾ ನಿಂದರತೇನಿ. ನೀ ಎಣಸು."

ಯಾರಾದರೂ ತಡೆಯುವ ಮೊದಲೇ ಕಸ್ತೂರೆವ್ವ ಬಲಗಡೆಯ ಕಂಬಿಗೆ ಬೆನ್ನು ಕೊಟ್ಟಳು. ಬಿದ್ದರೆ ಬೀಳಲಿ, ನನಗೆ ಸಲ್ಲಬೇಕಾದ್ದು ನನಗೂ ಸಲ್ಲಲಿ ಎಂದು ಖರೆಯೇ ಅಂದುಕೊಂಡಳು. ವೈಶಾಲಿ ಕಿರುಚಿದಳು. ತಮ್ಮ ಎಣಿಸಲಿಲ್ಲ, ಅವಳೇ ಎಣಿಸಿದಳು. "ಒಂದು. ಎರಡು. ಮೂರು." ಕಾಲ ಬುಡದಲ್ಲಿ ಕರಕರ ಸದ್ದಾಯಿತು. ಗಿಲಾವಿನ ಹಕ್ಕಳೆಯೊಂದು ಕಳಚಿ ಹಳ್ಳಕ್ಕೆ ಬಿತ್ತು. "ನಾಕು." ಹಿಂದೆ ಎಲ್ಲೋ ಒಂದು ಬೆರಳಿನಷ್ಟು ಜಾರಿದ್ದು ಬೆನ್ನಿಗೆ ತಿಳಿಯಿತು. ಅವಳು ಇನ್ನಷ್ಟು ಭಾರ ಬಿಟ್ಟಳು. "ಐದು."

"ಅಕ್ಕಾ, ಬ್ಯಾಡ!" ವೀರೇಶ ಗಂಟಲು ಹರಿಯುವಂತೆ ಕೂಗಿದ. "ಒಳಗ ಏನೂ ಇಲ್ಲ! ಅದು ತಡಿಯೂದಿಲ್ಲ, ಬಾ ಈಚೆ!"

ಕಸ್ತೂರೆವ್ವ ಅಲುಗಲಿಲ್ಲ. "ಏನಂದಿ? ಹಿಂದಿನ ಮಂದಿಗೆ ಕೇಳ್ಸಿಲ್ಲ."

"ಸರಳ ಬರೇ ನಾಕ ಬೆರಳ ಅದಾವ! ಬಾ ಅಕ್ಕಾ, ನಿನ್ನ ಕಾಲ ಬೀಳತೇನಿ!"

"ಯಾರ ಹಾಕಸಿದ್ದು?"

"ನಾನ!"

"ಇವರು?" ಅವಳು ಗದ್ದ ಎತ್ತಿ ವಿಮಾನದ ಕಡೆ ತೋರಿಸಿದಳು.

"ಭಾವ ಈ ಕಡಿ ಕೈ ಸೈತ ಹಚ್ಚಿಲ್ಲ. ಆತಿಲ್ಲೋ? ಬಾ ಇನ್ನ!"

ಕಸ್ತೂರೆವ್ವ ಮೆಲ್ಲಗೆ ಮೈ ಎತ್ತಿಕೊಂಡು ಈಚೆ ಬಂದಳು. ವೀರೇಶ ಚಾಚಿದ ಕೈಯನ್ನು ಮುಟ್ಟಲಿಲ್ಲ. ಅಂದಾನೆಪ್ಪನ ಕಡೆ ತಿರುಗಿ, ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಅಂದಾನೆಪ್ಪಣ್ಣಾ, ಇವರ ಬಾಯಿಲೆ ಸುಳ್ಳ ಹೇಳಸಿದಾಕಿ ನಾನು. ನನ್ನ ತವರಮನಿ ಉಳೀಲಿ ಅಂತ ನಿನ್ನ ಮಗನ ಸಾವಿನ ಖರೆ ಮ್ಯಾಲ ಮಣ್ಣ ಹಾಕಿದೆ. ನನಗೇನ ಅಂತಿ ಅನ್ನು."

ಅಂದಾನೆಪ್ಪ ಈಗ ಮುಖ ತಿರುಗಿಸಿದ್ದ. ವಿಮಾನ ಹೊತ್ತವರಿಗೆ ಬನ್ನಿ ಎಂದು ಕೈಮಾಡಿದ.

ಹಲಗೆ ಮತ್ತೆ ಸುರುವಾಯಿತು. ಧರೆಪ್ಪ ಸೇತುವೆ ದಾಟಿದ. ಹಿಂದಿದ್ದ ಮಂದಿ ಯಾರೂ ಹೇಳದೆಯೇ ಎಡಕ್ಕೆ ಸರಿದು, ಎಡಗಡೆಯ ಕಂಬಿಗೆ ಒತ್ತೊತ್ತಾಗಿ ಸಾಲು ಹಿಡಿದರು. ಕಸ್ತೂರೆವ್ವನಿಗೆ ಹೊಟ್ಟೆ ತಣ್ಣಗಾಯಿತೆ ಎಂದರೆ, ಆಯಿತು. ಸುಳ್ಳೇಕೆ ಹೇಳಬೇಕು? ಅಳು ಕೂಡ ಆಗಲೇ ಬಂತು, ನಿನ್ನೆಯಿಂದ ಬಾರದ್ದು.

ವೀರೇಶ ಇದ್ದಲ್ಲೇ ನಿಂತಿದ್ದ. ವಿಮಾನ ಆಚೆ ಇಳಿದ ಮೇಲೆ ಅಂದಾನೆಪ್ಪ ಅವನನ್ನು ಒಂದು ಗಳಿಗೆ ನೋಡಿದ. ಆಮೇಲೆ ಎತ್ತಿ ಹಿಡಿದಿದ್ದ ಟವೆಲ್ಲನ್ನು ಇಳಿಸಿ, ಡ್ರೈವರನಿಗೆ, "ಹೊಡಿ, ಬರ್ಲಿ," ಎಂದ. ಎರಡು ಟ್ರೇಲರಿನ ಕಬ್ಬು ಎಳೆದುಕೊಂಡು ಟ್ರ್ಯಾಕ್ಟರು ಮೆಲ್ಲಗೆ ಸೇತುವೆ ಏರಿತು. ಸಣ್ಣ ಸೇತುವೆ, ಗಾಡಿ ಬಂದರೆ ಅಕ್ಕಪಕ್ಕ ಒಂದೊಂದು ಸಾಲು ಮಂದಿ ನಿಲ್ಲಬಹುದು, ಅಷ್ಟೇ. ಡ್ರೈವರ ಹಾರ್ನು ಒತ್ತಿದ. ವೀರೇಶ ಎಡಕ್ಕೆ ಬಂದ. ಅಲ್ಲಿ ಹೆಗಲಿಗೆ ಹೆಗಲು ಹಚ್ಚಿ ನಿಂತವರಲ್ಲಿ ಒಬ್ಬರೂ ಸರಿಯಲಿಲ್ಲ.

"ಅಕ್ಕಾ," ಎಂದ.

ಆ ಸಾಲಿನಲ್ಲೇ ಇದ್ದ ಕಸ್ತೂರೆವ್ವ ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. ಎರಡೂ ಕೈಯಲ್ಲಿ ಗಂಡ ನಿಲ್ಲಿಸಿದ ಕಂಬಿ ಹಿಡಿದುಕೊಂಡಿದ್ದಳು, ಬಿಡಲಿಲ್ಲ. ಹಾರ್ನು ಮತ್ತೆ ಕೂಗಿತು. ಬಲಗಡೆ ಇಡೀ ಖಾಲಿ ಇತ್ತು, ಹತ್ತು ಜನ ಆರಾಮಾಗಿ ನಿಲ್ಲಬಹುದಾದಷ್ಟು. ವೀರೇಶ ಅತ್ತ ಒಮ್ಮೆ ನೋಡಿದ, ಬರುತ್ತಿರುವ ಗಾಲಿಗಳನ್ನು ಒಮ್ಮೆ ನೋಡಿದ. ಮತ್ತೆ ಹಿಂದಕ್ಕೆ ಹೊರಳಿ, ಬಿಳಿ ಪ್ಯಾಂಟು ಎತ್ತಿ ಹಿಡಿದು, ಕಬ್ಬಿನ ಟ್ರ್ಯಾಕ್ಟರಿನ ಮುಂದೆ ಮುಂದೆ, ಸೇತುವೆಯ ನಟ್ಟನಡುವೆ ಊರ ಕಡೆಗೆ ಓಡತೊಡಗಿದ.